ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡಕ್ಕೆ ಈ ಚಳಿಗಾಲ ಏನು ಬೇಕು? ನನ್ನ ಪ್ರಕಾರ ಪಿಚರ್ (ಚೆಂಡು ಎಸೆಯೋನು), ಪಿಚರ್, ಆಮೇಲೆ ಇನ್ನೊಬ್ಬ ಪಿಚರ್

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

2025ರ ವರ್ಲ್ಡ್ ಸೀರೀಸ್, ಅಂದ್ರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಫೈನಲ್, ಮುಗೀತು. ನಮ್ಮ ಬದ್ಧ ಎದುರಾಳಿ ಡಾಡ್ಜರ್ಸ್ ಸತತ ಎರಡನೇ ವರ್ಷ ಕಪ್ ಎತ್ತಿದ್ದನ್ನ ನೋಡಿ ಎರಡು ದಿನ ನಂಗೆ ಊಟ ಸೇರಲಿಲ್ಲ. ಈಗ ನಮ್ಮ ಮನೆ ವಿಷಯಕ್ಕೆ ಬರೋಣ.

2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 79-83. 2024ರಲ್ಲಿ 80-82. ಈ ವರ್ಷ ಮತ್ತೆ 81-81. ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತಾ ಇದ್ದೀವಿ. ಜೂನ್ ಮಧ್ಯದಲ್ಲಿ ಡಾಡ್ಜರ್ಸ್ ಜೊತೆ ಸಮಸಮ ನಿಂತಿದ್ವಿ, ಅದೇ ವಾರ ಬ್ಯಾಟರ್ ಡೆವರ್ಸ್ ಟ್ರೇಡ್‌ನಲ್ಲಿ (ಆಟಗಾರರ ಅದಲುಬದಲು) ಬಂದ, ನಾನು ಮನೇಲಿ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ ಈ ಸಲ ಪ್ಲೇಆಫ್ ಗ್ಯಾರಂಟಿ ಅಂತ. ಜುಲೈ ಕೊನೆಗೆ ಬುಲ್‌ಪೆನ್ (ಪಂದ್ಯದ ಮಧ್ಯೆ ಬರೋ ಪಿಚರ್‌ಗಳು) ಮಾರಾಟಕ್ಕೆ ಬಂತು. ಡೊವಾಲ್ ಯಾಂಕೀಸ್‌ಗೆ, ಟೈಲರ್ ರಾಜರ್ಸ್ ಮೆಟ್ಸ್‌ಗೆ, ಔಟ್‌ಫೀಲ್ಡರ್ ಯಾಸ್ಟ್ರೆಮ್‌ಸ್ಕಿ ಕೂಡ ರಾಯಲ್ಸ್‌ಗೆ. ಸೆಪ್ಟೆಂಬರ್‌ನಲ್ಲಿ ರ‍್ಯಾಂಡಿ ರೊಡ್ರಿಗೆಸ್‌ಗೆ ಮೊಣಕೈ ಆಪರೇಷನ್. ಆಲ್‌ಸ್ಟಾರ್ ಆಡಿದ ಹುಡುಗ, 2026 ಪೂರ್ತಿ ಇರಲ್ಲ ಅಂತಲೇ ಲೆಕ್ಕ.

ಎಲ್ಲರೂ ಬ್ಯಾಟರ್ ಬೇಕು, ಟಕ್ಕರ್ ಬೇಕು, ಬಿಷೆಟ್ ಬೇಕು ಅಂತಿದ್ದಾರೆ. ನಾನು ಹೇಳೋದು ಬೇರೆ. ದೀರ್ಘ ಕಾಂಟ್ರ್ಯಾಕ್ಟ್ ಯಾರಿಗೆಲ್ಲ ಇದೆ ನೋಡಿ: ಡೆವರ್ಸ್ 2033ರ ತನಕ, ಅಡಾಮೆಸ್ 2031, ಚ್ಯಾಪ್‌ಮನ್ 2030, ಜಂಗ್ ಹೂ ಲೀ 2029. ನಾಲ್ಕೂ ಬ್ಯಾಟರ್‌ಗಳು. ಪಿಚಿಂಗ್‌ನಲ್ಲಿ? ಲೋಗನ್ ವೆಬ್ 2028ರ ತನಕ, ಅಷ್ಟೇ. ರಾಬಿ ರೇ ಮುಂದಿನ ವರ್ಷ ಮುಗಿಸಿ ಹೊರಡ್ತಾನೆ. ವರ್ಲ್ಯಾಂಡರ್ ಈಗಾಗಲೇ ಫ್ರೀ ಏಜೆಂಟ್, ಕಾಂಟ್ರ್ಯಾಕ್ಟ್ ಮುಗಿದು ಯಾವ ತಂಡಕ್ಕೆ ಬೇಕಾದ್ರೂ ಹೋಗಬಹುದು. ಉಳಿದ ಪಿಚರ್‌ಗಳಲ್ಲಿ ರೂಪ್‌ಗೆ ಆಗಸ್ಟ್‌ನಲ್ಲಿ ಮೊಣಕಾಲಿಗೆ ಪೆಟ್ಟಾಯ್ತು, ಬರ್ಡ್‌ಸಾಂಗ್ ಕಂಟ್ರೋಲ್ ತಪ್ಪಿ ಜುಲೈನಲ್ಲಿ ಸ್ಯಾಕ್ರಮೆಂಟೊಗೆ, ನಮ್ಮ ಕೆಳಹಂತದ ತಂಡಕ್ಕೆ, ಹೋದ.

ನನ್ನ ಆಸೆ ಹೇಳ್ತೀನಿ. ಒಬ್ಬ ದೊಡ್ಡ ಸ್ಟಾರ್ಟರ್ (ಪಂದ್ಯ ಶುರು ಮಾಡೋ ಪಿಚರ್): ಫ್ರ್ಯಾಂಬರ್ ವಾಲ್ಡೆಸ್, ರೇಂಜರ್ ಸ್ವಾರೆಸ್, ಇಲ್ಲಾ ಜಪಾನ್‌ನಿಂದ ಇಮಾಯಿ. ಜೊತೆಗೆ ನಾಲ್ಕನೇ ನಂಬರಿಗೆ ನಂಬಿಕಸ್ಥ ಒಬ್ಬ. ಬುಲ್‌ಪೆನ್‌ಗೆ ಇಬ್ಬರು. ರೈಟ್ ಫೀಲ್ಡಿಗೆ ಚೆನ್ನಾಗಿ ಓಡಿ ಹಿಡಿಯೋ ಒಬ್ಬ, ಕಡಿಮೆ ಸಂಬಳದವನಾದ್ರೂ ಸಾಕು. ಬ್ರೈಸ್ ಎಲ್ಡ್ರಿಜ್‌ನ ಮಾತ್ರ ಯಾವ ಕಾರಣಕ್ಕೂ ಟ್ರೇಡ್ ಮಾಡಬಾರದು.

ನಿಮ್ಮ ಲೆಕ್ಕ ಏನು?

ಹುಬ್ಬಳ್ಳಿ_ಲೆಫ್ಟಿ

ಪಿಚರ್ ಪಿಚರ್ ಅಂತ ಎಷ್ಟ ಹೇಳ್ತೀರಿ, ರನ್ ಹೊಡಿಯವ್ರ ಯಾರು? ವರ್ಲ್ಯಾಂಡರ್ ಈ ವರ್ಷ 3.85 ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಸರಾಸರಿ ಕೊಡೋ ರನ್, ಕಡಿಮಿ ಇದ್ದಷ್ಟು ಚಲೋ) ಇಟ್ಟಾನ. 42ರ ವಯಸ್ಸಿನಾಗ. ಆದ್ರ ದಾಖಲೆ ನೋಡ್ರಿ, 4 ಗೆಲುವು, 11 ಸೋಲು! ಇದು ಪಿಚರ್ ತಪ್ಪೇನ್ರಿ? ಅವ ಆರು ಇನಿಂಗ್ಸ್ ಚೆಂದಾಗಿ ಹಾಕಿ ಬಂದು ಕೂಡ್ತಿದ್ದ, ನಮ್ಮ ಬ್ಯಾಟರ್‌ಗಳು ಒಂದ ರನ್ನಿಗೆ ಒದ್ದಾಡ್ತಿದ್ರು. ನಿಮ್ಮ ಪಟ್ಟಿ ಹಂಗ ಮಾಡಿದ್ರ ಮುಂದಿನ ವರ್ಷ ಇನ್ನೊಬ್ಬ ಒಳ್ಳೆ ಪಿಚರ್ 4-11 ಆಗ್ತಾನ. ಕೈಲ್ ಟಕ್ಕರ್ ತರ್ರಿ. ಮುಗೀತು.

ಸನಿವೇಲ್_ಸರಸು

ಟಕ್ಕರ್ ಬರ್ತಾನೆ ಅಂತ ಮತ್ತೆ ಆಸೆ ಹುಟ್ಟಿಸಬೇಡಿ ದಯವಿಟ್ಟು. 2022ರ ಡಿಸೆಂಬರ್ ನಂಗೆ ಇನ್ನೂ ಮರೆತಿಲ್ಲ. ಮೊದಲು ಆ್ಯರನ್ ಜಡ್ಜ್. ಇಲ್ಲೇ ಹತ್ತಿರದ ಲಿಂಡೆನ್ ಊರಿನ ಹುಡುಗ, ಬಂದೇ ಬಿಡ್ತಾನೆ ಅಂತ ಅರ್ಧ ಗಂಟೆ ಆಫೀಸಲ್ಲಿ ಕುಣಿದಾಡಿದ್ವಿ. ಅವನು ಯಾಂಕೀಸ್ ಜೊತೆ 9 ವರ್ಷ 360 ಮಿಲಿಯನ್‌ಗೆ ಒಪ್ಪಿಕೊಂಡ. ಆಮೇಲೆ ಕಾರ್ಲೋಸ್ ಕೊರಿಯಾ ಅನ್ನೋ ಆಟಗಾರ, 13 ವರ್ಷ 350 ಮಿಲಿಯನ್. ಅವನ ಪ್ರೆಸ್ ಮೀಟ್ ನೋಡೋಕೆ ಅಂತ ನಾನು ಮೀಟಿಂಗ್ ಮುಂದೂಡಿದ್ದೆ. ಅವತ್ತೇ ಬೆಳಿಗ್ಗೆ ಕಾಲಿನ ಮೆಡಿಕಲ್ ರಿಪೋರ್ಟ್ ನೋಡಿ ಎಲ್ಲಾ ನಿಂತುಹೋಯ್ತು. ಹಾರ ಬದಲಾಯಿಸೋ ಹೊತ್ತಿಗೆ ಮದುವೆ ನಿಂತ ಹಾಗೆ. ಮುಂದಿನ ವರ್ಷ ಜಪಾನಿನ ಒಹ್ತಾನಿ, ಯಮಾಮೊಟೊ, ಇಬ್ಬರೂ ಡಾಡ್ಜರ್ಸ್‌ಗೆ.

ನಂಗೆ ಈಗ ದೊಡ್ಡ ಹೆಸರು ಕೇಳಿದ್ರೆ ಸಂಕಟ ಆಗುತ್ತೆ. ಬರೋರು ಬರಲಿ, ಇರೋ ಹುಡುಗರನ್ನ ಚೆನ್ನಾಗಿ ನೋಡ್ಕೊಳ್ಳಲಿ.

ಹಳೇ_ಸ್ಕೋರರ್

ಕೊರಿಯಾ ವಿಷಯದಲ್ಲಿ ಮಾತ್ರ ಜೈಂಟ್ಸ್‌ನ ದೂರೋದು ಸರಿಯಲ್ಲ ಸರಸು ಮೇಡಂ. ಅದೇ ಕಾಲು ನೋಡಿ ಮೆಟ್ಸ್ ಡಾಕ್ಟರುಗಳೂ ಹಿಂದೆ ಸರಿದರು. ಕೊನೆಗೆ ಟ್ವಿನ್ಸ್‌ಗೆ 6 ವರ್ಷ 200 ಮಿಲಿಯನ್‌ಗೆ ಹೋದ. ಎರಡು ತಂಡದ ಡಾಕ್ಟರುಗಳು ಒಂದೇ ಮಾತು ಹೇಳಿದ ಮೇಲೆ 350 ಮಿಲಿಯನ್ ಉಳೀತು ಅಂತ ಸಮಾಧಾನ ಪಡಬೇಕು.

ಸನಿವೇಲ್_ಸರಸು

ತಲೆ ಒಪ್ಪುತ್ತೆ ಸರ್, ಮನಸ್ಸು ಒಪ್ಪಲ್ಲ.

ಕುಡ್ಲ_ಕರ್ವ್‌ಬಾಲ್

ಮೆಡಿಕಲ್ ರಿಪೋರ್ಟ್ ಅಂದಾಗ ಕುಮಾರ್ ರಾಕರ್ ನೆನಪಾಯ್ತು ಮಾರಾಯ್ರೆ. ತಾಯಿ ಕಡೆಯಿಂದ ಭಾರತೀಯ ಮೂಲದ ಹುಡುಗ. 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸುವುದು) ಮೆಟ್ಸ್ 10ನೇ ಪಿಕ್‌ನಲ್ಲಿ ಆರಿಸಿ, ಭುಜ-ಮೊಣಕೈ ರಿಪೋರ್ಟ್ ನೋಡಿ ಸಹಿ ಹಾಕಿಸಲೇ ಇಲ್ಲ. ಮರುವರ್ಷ ರೇಂಜರ್ಸ್ 3ನೇ ಪಿಕ್‌ನಲ್ಲಿ ತೆಗೆದುಕೊಂಡ್ರು, 2024ರಲ್ಲಿ ಮೇಜರ್ ಲೀಗ್ ಆಡಿದ. ನಾನು ಅವನ ಮೊದಲ ಪಂದ್ಯ ನೋಡುವುದಕ್ಕೆ ರಜೆ ಹಾಕಿದ್ದೆ.

ಇನ್ನು ಜೈಂಟ್ಸ್ ವಿಷಯ. ನಾನು ಮಲ್ಲೇಶ್ವರಂ ಅಣ್ಣನ ಪಕ್ಷ. ಒರಾಕಲ್ ಪಾರ್ಕ್ ಪಿಚರ್‌ಗಳ ಮೈದಾನ ಅಲ್ವಾ? ಸಮುದ್ರದಿಂದ ತಣ್ಣಗೆ ಗಾಳಿ ಬೀಸ್ತದೆ, ರಾತ್ರಿ ಚೆಂಡು ಹಾರುವುದೇ ಇಲ್ಲ. ರೈಟ್-ಸೆಂಟರ್ ಮೂಲೆ 415 ಅಡಿ. ಬೇರೆ ಕಡೆ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಆಗುವ ಹೊಡೆತ ಇಲ್ಲಿ ಕ್ಯಾಚ್. ಬ್ಯಾಟರ್‌ಗಳು ಇಲ್ಲಿಗೆ ಬರ್ಲಿಕ್ಕೆ ಹೆದರುವುದು ಅದಕ್ಕೇ. ಪಿಚರ್‌ಗಳನ್ನು ಮಾತ್ರ "ಬನ್ನಿ, ನಮ್ಮ ಮೈದಾನ ನಿಮ್ಮ ಕೈ ಹಿಡೀತದೆ" ಅಂತ ಕರೀಬಹುದು. ನಮ್ಮ ಅಂಗಡಿಯಲ್ಲಿ ಒಳ್ಳೆ ಮೀನು ಇರುವಾಗ ಮೀನೇ ಮಾರಬೇಕು, ಕೋಳಿ ಯಾಕೆ?

ಹುಬ್ಬಳ್ಳಿ_ಲೆಫ್ಟಿ

ಹಂಗಂದ್ರ ಅಡಾಮೆಸ್ ಹೆಂಗ 30 ಹೋಮ್ ರನ್ ಹೊಡದಾ? ಮೈದಾನದ ಮ್ಯಾಲೆ ಹಾಕಬ್ಯಾಡ್ರಿ ಎಲ್ಲಾ.

ಹಳೇ_ಸ್ಕೋರರ್

ಹೊಡೆದ, ನಿಜ. ಅವನಿಗಿಂತ ಮುಂಚೆ ಜೈಂಟ್ಸ್ ಪರ 30 ಮುಟ್ಟಿದವನು 2004ರ ಬ್ಯಾರಿ ಬಾಂಡ್ಸ್! ನಡುವೆ ಇಪ್ಪತ್ತು ವರ್ಷ ಯಾರೂ ಇಲ್ಲ. ಆ ಇಪ್ಪತ್ತು ವರ್ಷದಲ್ಲಿ 2010, 2012, 2014 ಮೂರು ಕಪ್ ಗೆದ್ದಿದ್ದೀವಿ. ಲಿನ್ಸೆಕಮ್, ಕೇನ್, ಬಮ್‌ಗಾರ್ನರ್, ರೋಮೊ, ಬ್ರಯನ್ ವಿಲ್ಸನ್. ಕ್ಯಾಚರ್ ಯಾರು? ಬಸ್ಟರ್ ಪೋಸಿ. ಈಗ ಬೇಸ್‌ಬಾಲ್ ವಿಭಾಗದ ಅಧ್ಯಕ್ಷನಾಗಿ ಕೂತಿರೋನೂ ಅವನೇ. ಪಿಚಿಂಗ್‌ನಿಂದ ಹೇಗೆ ಗೆಲ್ಲೋದು ಅಂತ ಅವನಿಗೆ ನಾವು ಹೇಳಿಕೊಡಬೇಕಾಗಿಲ್ಲ.

2014ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ನಾನು ಮರೆಯಲ್ಲ. ಎರಡು ದಿನದ ವಿಶ್ರಾಂತಿ ಮೇಲೆ ಬಮ್‌ಗಾರ್ನರ್ ಐದನೇ ಇನಿಂಗ್ಸ್‌ಗೆ ಬಂದ. ಒಂದು ಇನಿಂಗ್ಸ್ ಹಾಕಿ ಹೋಗ್ತಾನೆ ಅಂದ್ಕೊಂಡೆ. ಐದು ಇನಿಂಗ್ಸ್ ಹಾಕಿದ, ಒಂದು ರನ್ನೂ ಕೊಡಲಿಲ್ಲ. 3-2. ಕೊನೆ ಇನಿಂಗ್ಸ್‌ನಲ್ಲಿ ಸಮ ಮಾಡಬೇಕಾದ ರನ್ನರ್ ಮೂರನೇ ಬೇಸ್‌ನಲ್ಲಿ ನಿಂತಿದ್ದ. ಸ್ಯಾಂಡೋವಾಲ್ ಫೌಲ್ ಚೆಂಡು ಹಿಡಿದು ಬೆನ್ನ ಮೇಲೆ ಬಿದ್ದ. ನಮ್ಮನೆಯವಳು ದೇವರ ಮುಂದೆ ದೀಪ ಹಚ್ಚಿಟ್ಟು ಕೂತಿದ್ದಳು.

ಎಲ್ಎ_ಲಿ_ಒಬ್ಬ_ಕನ್ನಡಿಗ

ಡಾಡ್ಜರ್ಸ್ ಅಭಿಮಾನಿ ಇಲ್ಲಿ ಬರೀಬಹುದಾ?

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ಬರೀರಿ. ಕಪ್ ವಿಷಯ ಬೇಡ ಅಷ್ಟೇ.

ಎಲ್ಎ_ಲಿ_ಒಬ್ಬ_ಕನ್ನಡಿಗ

ಕಪ್ ಎತ್ತಲ್ಲ. ಒಂದು ಮಾತು. ಹೋದ ವರ್ಷ ನಿಮ್ಮಲ್ಲಿದ್ದ ಬ್ಲೇಕ್ ಸ್ನೆಲ್ ನಮಗೆ 5 ವರ್ಷ 182 ಮಿಲಿಯನ್‌ಗೆ ಬಂದ. ನೀವು ಕೆಲವೇ ದಿನದಲ್ಲಿ ಅಡಾಮೆಸ್‌ಗೆ 7 ವರ್ಷ 182 ಮಿಲಿಯನ್ ಕೊಟ್ಟಿರಿ. ಒಂದೇ ಮೊತ್ತ. ನಾವು ಪಿಚರ್ ತಗೊಂಡ್ವಿ, ನೀವು ಬ್ಯಾಟರ್. ಹಾಗಾಗಿ ದುಡ್ಡಿಲ್ಲ ಅನ್ನೋ ಮಾತು ನಾನು ಒಪ್ಪಲ್ಲ, ಎಲ್ಲಿ ಹಾಕ್ತೀರಿ ಅನ್ನೋದು ಪ್ರಶ್ನೆ. ಮಲ್ಲೇಶ್ವರಂ ಸರ್ ಹೇಳಿದ್ದು ನನಗೆ ಸರಿ ಅನ್ಸುತ್ತೆ.

ಸನಿವೇಲ್_ಸರಸು

ಸ್ನೆಲ್ ಹೆಸರು ಎತ್ತಿದ್ರಲ್ಲ! 2024ರ ಆಗಸ್ಟ್ 2ಕ್ಕೆ ಸಿನ್ಸಿನ್ಯಾಟಿಯಲ್ಲಿ ನಮ್ಮ ಪರ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಹಾಕಿದಾಗ ನಾನು ಅವನ ಹೆಸರಿನ ಜೆರ್ಸಿ ಆರ್ಡರ್ ಮಾಡಿದ್ದೆ. ಮೂರೇ ತಿಂಗಳಿಗೆ ಹೊರಟ. ಜೆರ್ಸಿ ಬೀರುವಿನಲ್ಲೇ ಇದೆ.

ಕುಡ್ಲ_ಕರ್ವ್‌ಬಾಲ್

ಡಾಡ್ಜರ್ಸ್‌ನವರಿಗೆ ಒಹ್ತಾನಿಯ ದುಡ್ಡಿನ ವ್ಯವಸ್ಥೆಯೇ ಬೇರೆ ಅಲ್ವಾ. 700 ಮಿಲಿಯನ್‌ನಲ್ಲಿ 680 ಮುಂದಕ್ಕೆ ಹಾಕಿದ್ದು. ವರ್ಷಕ್ಕೆ ಈಗ ಕೈಗೆ 2 ಮಿಲಿಯನ್. ಹಾಗೆ ಮಾಡಿದ್ರೆ ಯಾರು ಬೇಕಾದ್ರೂ ತಗೊಳ್ಬಹುದು.

ಎಲ್ಎ_ಲಿ_ಒಬ್ಬ_ಕನ್ನಡಿಗ

ಲಕ್ಷುರಿ ಟ್ಯಾಕ್ಸ್ ಲೆಕ್ಕದಲ್ಲಿ 2 ಅಲ್ಲ ಮಾರಾಯ್ರೆ, ಸುಮಾರು 46 ಮಿಲಿಯನ್ ಹಿಡೀತಾರೆ. ಮುಂದಕ್ಕೆ ಹಾಕಿದ ದುಡ್ಡಿನ ಇವತ್ತಿನ ಬೆಲೆ ಕಟ್ಟಿ ಲೆಕ್ಕ ಹಾಕೋದು. ಆ ನಿಯಮ ಎಲ್ಲಾ ತಂಡಕ್ಕೂ ಒಂದೇ.

ಬನಶಂಕರಿ_ಬುಲ್‌ಪೆನ್

ಹೊಸಬ ಇಲ್ಲಿ, ಬೆಂಗಳೂರಿಂದ. ಐಪಿಎಲ್ ಥರ ಇಲ್ಲಿ ಆಕ್ಷನ್ ಇಲ್ವಾ? ಆರ್‌ಸಿಬಿ ಉಳಿಸಿಕೊಳ್ಳೋ ಪಟ್ಟಿ ಕಾಯ್ತಾ ಕೂತಿರೋ ಟೈಮಲ್ಲೇ ಈ ಥ್ರೆಡ್ ಕಣ್ಣಿಗೆ ಬಿತ್ತು. ಸಂಬಳಕ್ಕೆ ಮಿತಿ ಇಲ್ವಾ? ಟ್ಯಾಕ್ಸ್ ಅಂದ್ರೆ ಏನು?

ಹಳೇ_ಸ್ಕೋರರ್

ಸ್ವಾಗತ. ಆಕ್ಷನ್ ಇಲ್ಲ. ಐಪಿಎಲ್‌ನಲ್ಲಿ ಎಲ್ಲರಿಗೂ ಒಂದೇ ಪರ್ಸ್, ಅದನ್ನ ದಾಟೋ ಹಾಗಿಲ್ಲ. ಇಲ್ಲಿ ದಾಟಬಹುದು, ದಂಡ ಕಟ್ಟಬೇಕು. 2026ಕ್ಕೆ ಮೊದಲ ಗೆರೆ 244 ಮಿಲಿಯನ್ ಡಾಲರ್. ಅದರ ಮೇಲೆ ಖರ್ಚು ಮಾಡಿದ ಪ್ರತಿ ಡಾಲರಿಗೆ ಟ್ಯಾಕ್ಸ್. ಮೊದಲ ಸಲ ದಾಟಿದ್ರೆ 20%, ಸತತ ಎರಡನೇ ವರ್ಷ 30%, ಮೂರನೇ ವರ್ಷದಿಂದ 50%. ತುಂಬಾ ಮೇಲೆ ಹೋದ್ರೆ ಇನ್ನೂ ಸೇರುತ್ತೆ. ಒಂದು ವರ್ಷ ಕೆಳಗೆ ಇಳಿದ್ರೆ ಲೆಕ್ಕ ಮತ್ತೆ ಮೊದಲಿಂದ.

ಆಟಗಾರ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸರ್ವಿಸ್ ಮುಗಿಸಿ, ಕಾಂಟ್ರ್ಯಾಕ್ಟ್ ಮುಗಿದ್ರೆ ಫ್ರೀ ಏಜೆಂಟ್. ಯಾವ ತಂಡದ ಜೊತೆ ಬೇಕಾದ್ರೂ ಚೌಕಾಸಿ ಮಾಡಬಹುದು. ಹಳೇ ತಂಡ ಒಂದು ವರ್ಷದ "ಕ್ವಾಲಿಫೈಯಿಂಗ್ ಆಫರ್" ಕೊಡಬಹುದು, ಈ ಸಲ 22.025 ಮಿಲಿಯನ್. ಆಟಗಾರ ಅದನ್ನ ಬೇಡ ಅಂತ ಬೇರೆ ಕಡೆ ಹೋದ್ರೆ ಹೊಸ ತಂಡ ಡ್ರಾಫ್ಟ್ ಪಿಕ್ ಕಳ್ಕೊಳ್ಳುತ್ತೆ. ನವೆಂಬರ್ 18ರೊಳಗೆ ಉತ್ತರ ಹೇಳಬೇಕು. ಟಕ್ಕರ್, ಬಿಷೆಟ್, ವಾಲ್ಡೆಸ್, ಸ್ವಾರೆಸ್, ಸೀಸ್ ಎಲ್ಲರಿಗೂ ಆಫರ್ ಹೋಗಿದೆ.

ಬನಶಂಕರಿ_ಬುಲ್‌ಪೆನ್

ಅರ್ಥ ಆಯ್ತು ಸರ್, ಥ್ಯಾಂಕ್ಸ್. ಹಾಗಾದ್ರೆ ಪಿಕ್ ಕಳ್ಕೊಳ್ಳದೆ ಸಿಗೋ ಪಿಚರ್ ಯಾರು?

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ಸರಿಯಾದ ಪ್ರಶ್ನೆ ಕೇಳಿದ್ರಿ! ತತ್ಸುಯಾ ಇಮಾಯಿ. ಸೈಬು ಲಯನ್ಸ್ ತಂಡದವನು, 27 ವಯಸ್ಸು, ಈ ವರ್ಷ ಇಆರ್‌ಎ 1.92. ಜಪಾನಿಂದ ಬರೋರಿಗೆ ಕ್ವಾಲಿಫೈಯಿಂಗ್ ಆಫರ್ ಇರಲ್ಲ. ಅವನ ಹಳೇ ಕ್ಲಬ್‌ಗೆ ಪೋಸ್ಟಿಂಗ್ ಶುಲ್ಕ ಕಟ್ಟಬೇಕು. ಮೊದಲ 25 ಮಿಲಿಯನ್‌ಗೆ 20%, ಮುಂದಿನ 25ಕ್ಕೆ 17.5%, ಅದರ ಮೇಲಿನದಕ್ಕೆ 15%. ಅಂದ್ರೆ 100 ಮಿಲಿಯನ್ ಕಾಂಟ್ರ್ಯಾಕ್ಟ್‌ಗೆ ಶುಲ್ಕ 16.875 ಮಿಲಿಯನ್. ಆ ಶುಲ್ಕ ಲಕ್ಷುರಿ ಟ್ಯಾಕ್ಸ್ ಲೆಕ್ಕಕ್ಕೂ ಬರಲ್ಲ. ಡ್ರಾಫ್ಟ್ ಪಿಕ್ ಉಳಿಯುತ್ತೆ, ವಯಸ್ಸೂ ಚಿಕ್ಕದು. ನಾನು ಮೊದಲು ವಾಲ್ಡೆಸ್ ಅಂತಿದ್ದೆ, ಬರೀತಾ ಬರೀತಾ ಇಮಾಯಿ ಕಡೆ ವಾಲ್ತಾ ಇದ್ದೀನಿ.

ಹುಬ್ಬಳ್ಳಿ_ಲೆಫ್ಟಿ

ಜಪಾನದವ್ರು ಒಬ್ಬೊಬ್ಬರ ಡಾಡ್ಜರ್ಸ್ ಮನಿ ಬಾಗಲಾ ಬಡೀತಾರ್ರಿ. ಒಹ್ತಾನಿ, ಯಮಾಮೊಟೊ, ಸಸಾಕಿ. ಇಮಾಯಿ ಯಾಕ ಬರ್ತಾನ ನಮ್ಮಲ್ಲಿಗೆ? ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಬ್ಯಾರೆ.

ಕುಡ್ಲ_ಕರ್ವ್‌ಬಾಲ್

ಟ್ಯಾಕ್ಸ್ ಕಾರಣ ಹೇಳ್ಬೇಡಿ. ಲಾಸ್ ಏಂಜಲೀಸ್ ಯಾವ ರಾಜ್ಯದಲ್ಲಿ ಉಂಟು?

ಶಿವಮೊಗ್ಗ_ಬೆಳಗಿನ_ಕಾಫಿ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಮೇಷ್ಟ್ರು, ಶಿವಮೊಗ್ಗದಲ್ಲಿದ್ದೇನೆ. ಮಗಳು ಫ್ರೀಮಾಂಟ್‌ನಲ್ಲಿದ್ದಾಳೆ. ಮೊದಲ ಸಲ ಅಲ್ಲಿಗೆ ಬಂದಾಗ ಅಳಿಯಂದಿರು ಜೈಂಟ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಕ್ಯಾಲ್‌ಟ್ರೇನ್‌ನಲ್ಲಿ ಹೋಗಿ ಇಳಿದು ಜನರ ಜೊತೆ ನಡೆದುಕೊಂಡೇ ಮೈದಾನ ಸೇರಿದೆವು. ಚಿತ್ರಾನ್ನದ ಡಬ್ಬಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ನಮ್ಮವಳಿಗೆ ಆತಂಕ. ಬಿಟ್ಟರು. ಮೇಲಿನ ಸ್ಟ್ಯಾಂಡಿನಿಂದ ನೋಡಿದರೆ ಕೆಳಗೆ ಹಸಿರು ಮೈದಾನ, ಗೋಡೆಯಾಚೆ ನೀರು, ನೀರಿನಲ್ಲಿ ದೋಣಿ ಹಾಕಿಕೊಂಡು ಚೆಂಡಿಗಾಗಿ ಕಾಯುವವರು. ಆ ರೈಟ್ ಫೀಲ್ಡ್ ಗೋಡೆ 24 ಅಡಿ ಎತ್ತರ, ವಿಲ್ಲಿ ಮೇಸ್ ಅವರ ಜೆರ್ಸಿ ಸಂಖ್ಯೆಯ ಗೌರವಕ್ಕೆ ಎಂದು ಅಳಿಯಂದಿರು ಹೇಳಿದರು. ಅಂದಿನಿಂದ ನಾನು ಜೈಂಟ್ಸ್ ಕಡೆಯವನು.

ಇಲ್ಲಿ ಬೆಳಿಗ್ಗೆ ಏಳೂಕಾಲಿಗೆ ಪಂದ್ಯ ಶುರು. ಕಾಫಿ ಲೋಟ ಹಿಡಿದು ಕೂತರೆ ಹತ್ತು ಗಂಟೆಗೆ ಏಳುತ್ತೇನೆ. ನನಗೆ ಜಂಗ್ ಹೂ ಲೀ ಬಹಳ ಇಷ್ಟ. ಅವರ ತಂದೆಯನ್ನು ದಕ್ಷಿಣ ಕೊರಿಯಾದಲ್ಲಿ "ಗಾಳಿಯ ಮಗ" ಎನ್ನುತ್ತಾರಂತೆ, ಹಾಗಾಗಿ ಇವನು "ಗಾಳಿಯ ಮೊಮ್ಮಗ". ಈ ವರ್ಷ 12 ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರನೇ ಬೇಸ್ ತಲುಪುವುದು) ಹೊಡೆದ. ಮೂರನೇ ಬೇಸ್ ಕಡೆಗೆ ಓಡುವಾಗ ಹೆಲ್ಮೆಟ್ ಹಾರಿ ಬೀಳುವುದನ್ನು ನೋಡುವುದೇ ಒಂದು ಸಂತೋಷ. ಅವನನ್ನು ಸೆಂಟರ್ ಫೀಲ್ಡಿನಿಂದ ತೆಗೆಯಬೇಕು ಎಂದು ಕೆಲವರು ಬರೆಯುತ್ತಿದ್ದಾರೆ. ಅದು ಸರಿಯೇ?

ಹಳೇ_ಸ್ಕೋರರ್

ಮೇಷ್ಟ್ರೇ, ನಂಗೂ ಅವನು ಇಷ್ಟ. ಆದ್ರೆ ಈ ವರ್ಷ ಸೆಂಟರ್‌ನಲ್ಲಿ ಅವನ ಫೀಲ್ಡಿಂಗ್ ಅಷ್ಟಕ್ಕಷ್ಟೇ. ಎಡಗಡೆ ರಾಮೋಸ್ ಕೂಡ ಚೆಂಡು ಬಿಡ್ತಾನೆ. ನಮ್ಮಷ್ಟು ದೊಡ್ಡ ಮೈದಾನಕ್ಕೆ ಇಬ್ಬರು ನಿಧಾನದವರು ಇದ್ರೆ ಪಿಚರ್ ಎಷ್ಟು ಚೆನ್ನಾಗಿ ಹಾಕಿದ್ರೂ ರನ್ ಹೋಗುತ್ತೆ. ಲೀಯನ್ನ ರೈಟ್ ಫೀಲ್ಡಿಗೆ ಸರಿಸಿ, ಸೆಂಟರ್‌ಗೆ ಚುರುಕಿನ ಫೀಲ್ಡರ್ ತಂದ್ರೆ ಒಂದೇ ಕಲ್ಲಿಗೆ ಎರಡು ಹಕ್ಕಿ. ಮಲ್ಲೇಶ್ವರಂ ಅವರು ಪಿಚರ್ ಅಂತಾರೆ, ನಾನು ಪಿಚರ್ ಜೊತೆಗೆ ಸೆಂಟರ್ ಫೀಲ್ಡರ್ ಅಂತೀನಿ.

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ಇದನ್ನ ನಾನು ಒಪ್ತೀನಿ. ಮೊದಲ ಪೋಸ್ಟಲ್ಲಿ ರೈಟ್ ಫೀಲ್ಡ್ ಅಂತ ಬರೆದಿದ್ದೆ, ಸೆಂಟರ್ ಅಂತ ಓದಿಕೊಳ್ಳಿ.

ಟೊರಾಂಟೊ_ತುಳಸಿ

ಬ್ಲೂ ಜೇಸ್ ಅಭಿಮಾನಿ ನಾನು. ಬಿಷೆಟ್ ಹೆಸರು ಈ ಥ್ರೆಡ್ಡಿನಲ್ಲಿ ಎರಡು ಸಲ ಬಂತು, ಅದಕ್ಕೆ ಬರೀತಿದ್ದೀನಿ. ಅವನು ನಮ್ಮವನು. ಬಿಡಿ ಅವನನ್ನ.

ಡಾಡ್ಜರ್ಸ್ ಜೊತೆ ನಮ್ಮ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ನವೆಂಬರ್ 1ಕ್ಕೆ ಇತ್ತು. ರಾಜ್ಯೋತ್ಸವದ ದಿನ. ನಾವು ಕೆಲವು ಮನೆಯವರು ಸೇರಿ ಭುವನೇಶ್ವರಿ ಫೋಟೋಗೆ ಪೂಜೆ ಮಾಡಿ, ಹೋಳಿಗೆ ಊಟ ಮುಗಿಸಿ ಟೀವಿ ಮುಂದೆ ಕೂತ್ವಿ. ಮಂಡಿ ನೋವಿನಿಂದ ವಾರಗಟ್ಟಲೆ ಹೊರಗಿದ್ದ ಬಿಷೆಟ್, ಒಹ್ತಾನಿಗೆ ಮೂರು ರನ್ ಹೋಮ್ ರನ್ ಬಾರಿಸಿದಾಗ ನಮ್ಮ ಯಜಮಾನರು ಕೆಂಪು-ಹಳದಿ ಶಾಲು ಬೀಸುತ್ತಾ ಬಾಲ್ಕನಿಗೆ ಓಡಿದ್ರು. ಒಂಬತ್ತನೇ ಇನಿಂಗ್ಸ್‌ಗೆ ನಾವು ಮುಂದಿದ್ವಿ. ಎರಡೇ ಎರಡು ಔಟ್ ಬೇಕಿತ್ತು. ಮಿಗೆಲ್ ರೋಹಾಸ್ ಹೋಮ್ ರನ್ ಹೊಡೆದ. ಹನ್ನೊಂದನೇ ಇನಿಂಗ್ಸ್‌ನಲ್ಲಿ ವಿಲ್ ಸ್ಮಿತ್. 5-4.

ಮಕ್ಕಳು ಅಳ್ತಾ ಮಲಗಿದ್ವು. ಮಲ್ಲೇಶ್ವರಂ ಅವರೇ, ನಿಮಗೆ ಎರಡು ದಿನ ಊಟ ಸೇರಲಿಲ್ಲ ಅಂದ್ರಲ್ಲ, ನಮಗೆ ಇನ್ನೂ ಸೇರಿಲ್ಲ.

ಎಲ್ಎ_ಲಿ_ಒಬ್ಬ_ಕನ್ನಡಿಗ

ಅಕ್ಕಾ, ನಿಜಕ್ಕೂ ಹೇಳ್ತೀನಿ, ನಿಮ್ಮ ತಂಡ ಅದ್ಭುತವಾಗಿ ಆಡಿತು. ಮೂರನೇ ಪಂದ್ಯ 18 ಇನಿಂಗ್ಸ್ ಹೋಯ್ತಲ್ಲ, ಅವತ್ತು ಯಾರು ಗೆದ್ದರೂ ಕೈ ಮುಗೀಬೇಕು ಅನ್ನಿಸಿತ್ತು.

ಸನಿವೇಲ್_ಸರಸು

ತುಳಸಿ ಅಕ್ಕ, ನಿಮ್ಮ ಬಿಷೆಟ್ ನಿಮ್ಮಲ್ಲೇ ಇರಲಿ. ನಮಗೆ ಎರಡನೇ ಬೇಸ್‌ಗೆ ಕೇಸಿ ಸ್ಮಿಟ್ ಇದ್ದಾನೆ.

ಹುಬ್ಬಳ್ಳಿ_ಲೆಫ್ಟಿ

ಸರಸು ಅಕ್ಕಾರ, ನಮ್ಮ ಪರವಾಗಿ ಬಿಷೆಟ್ ಬ್ಯಾಡ ಅಂತ ಯಾಕ ಹೇಳ್ತೀರಿ! ನನಗ ಬೇಕು. ಬಲಗೈ ಬ್ಯಾಟರ್ ಅವ. ಡೆವರ್ಸ್, ಲೀ, ಎಲ್ಡ್ರಿಜ್ ಎಲ್ಲಾ ಎಡಗೈ. ಟಕ್ಕರ್ ಕೂಡ ಎಡಗೈ, ಅದನ್ನ ಈಗ ಲಕ್ಷ್ಯಕ್ಕ ಬಂತು. ಹಂಗಾಗಿ ನಾ ಪಕ್ಷ ಬದಲ ಮಾಡ್ತೀನಿ. ಟಕ್ಕರ್ ಬ್ಯಾಡ, ಬಿಷೆಟ್ ಎರಡನೇ ಬೇಸ್‌ಗೆ. ವರ್ಲ್ಡ್ ಸೀರೀಸ್‌ದಾಗ ಅಲ್ಲೇ ಆಡ್ಯಾನ.

ಟೊರಾಂಟೊ_ತುಳಸಿ

ಆಗಲ್ಲ ಅಂದ್ರೆ ಆಗಲ್ಲ.

ಹಸಿರು_ಹಳದಿ

ನೀವೆಲ್ಲ ಯಾರನ್ನ ತಗೋಬೇಕು ಅಂತ ಜಗಳ ಆಡ್ತಿದ್ದೀರಿ, ನನಗೆ ತಂಡವೇ ಇಲ್ಲ. ಓಕ್ಲಂಡ್ ಎ'ಸ್ ಅಭಿಮಾನಿ ನಾನು. 1968ರಿಂದ ಇದ್ದ ತಂಡ 2024ರ ಸೆಪ್ಟೆಂಬರ್ 26ಕ್ಕೆ ಕೊಲಿಸಿಯಂನಲ್ಲಿ ಕೊನೆ ಪಂದ್ಯ ಆಡಿ ಹೊರಟಿತು. ನಾನು ಅವತ್ತು ಹೋಗಿದ್ದೆ. ಮುಗಿದ ಮೇಲೂ ಜನ ಏಳಲಿಲ್ಲ, ಸುಮ್ಮನೆ ಕೂತಿದ್ರು. ಈಗ ಸ್ಯಾಕ್ರಮೆಂಟೊದಲ್ಲಿ, ನಿಮ್ಮದೇ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ) ತಂಡದ ಮೈದಾನದಲ್ಲಿ ಆಡ್ತಿದ್ದಾರೆ. ನಿಕ್ ಕರ್ಟ್ಸ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ, ರೂಕಿ ಆಫ್ ದಿ ಇಯರ್ ಆದ. ಓಕ್ಲಂಡ್‌ನಲ್ಲಿ ಇದ್ದಿದ್ರೆ ಮಗನನ್ನ ಬಾರ್ಟ್ ರೈಲಲ್ಲಿ ಕರ್ಕೊಂಡು ಹೋಗಿ ತೋರಿಸ್ತಿದ್ದೆ.

ಜೂನ್‌ನಲ್ಲಿ ಅದೇ ಕೊಲಿಸಿಯಂಗೆ ಕ್ರಿಕೆಟ್ ನೋಡೋಕೆ ಹೋದೆ. ಸ್ಯಾನ್ ಫ್ರಾನ್ಸಿಸ್ಕೊ ಯುನಿಕಾರ್ನ್ಸ್ ಪರ ಫಿನ್ ಆ್ಯಲೆನ್ 51 ಚೆಂಡಿಗೆ 151, 19 ಸಿಕ್ಸರ್. ಜನ ಕುಣೀತಿದ್ರು. ನಾನು ಹೋಮ್ ಪ್ಲೇಟ್ ಇದ್ದ ಜಾಗ ಯಾವುದು ಅಂತ ಹುಡುಕ್ತಾ ಕೂತಿದ್ದೆ.

ಶಿವಮೊಗ್ಗ_ಬೆಳಗಿನ_ಕಾಫಿ

ಓದಿ ಮನಸ್ಸು ಭಾರವಾಯಿತು. ತಮ್ಮಾ, ನಿನ್ನ ಮಗನನ್ನು ಸ್ಯಾಕ್ರಮೆಂಟೊಗೇ ಒಮ್ಮೆ ಕರೆದುಕೊಂಡು ಹೋಗು. ಆಟಗಾರರ ತಪ್ಪೇನಿದೆ ಅದರಲ್ಲಿ?

ಹಸಿರು_ಹಳದಿ

ಹೋಗ್ತೀನಿ ಮೇಷ್ಟ್ರೇ. ಮಗ ಕೇಳ್ತಾನೇ ಇದ್ದಾನೆ.

ಬನಶಂಕರಿ_ಬುಲ್‌ಪೆನ್

ಎಲ್ಡ್ರಿಜ್ ಯಾರು? ಯಾಕೆ ಕೊಡಬಾರದು ಅಂತಿದ್ದೀರಿ? ಡೆಟ್ರಾಯ್ಟ್‌ನ ಸ್ಕೂಬಲ್ ಟ್ರೇಡ್‌ಗೆ ಸಿಗಬಹುದು ಅಂತ ಎಲ್ಲಾ ಕಡೆ ಬರ್ತಿದೆಯಲ್ಲ. ಪಿಚರೇ ಬೇಕು ಅಂದ್ರೆ ಅವನಿಗಿಂತ ಒಳ್ಳೆಯವನು ಯಾರಿದ್ದಾರೆ?

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ಎಲ್ಡ್ರಿಜ್ 21 ವಯಸ್ಸಿನ ಹುಡುಗ, 6 ಅಡಿ 7 ಅಂಗುಲ, ಫಸ್ಟ್ ಬೇಸ್. 2023ರಲ್ಲಿ 16ನೇ ಪಿಕ್. ಸೆಪ್ಟೆಂಬರ್‌ನಲ್ಲಿ ಮೇಲಕ್ಕೆ ಬಂದ. ಸ್ಕೋರ್ ನೋಡಿದ್ರೆ ಏನೂ ಹೊಡೆದಿಲ್ಲ ಅನ್ಸುತ್ತೆ, ಆದ್ರೆ ಬ್ಯಾಟಿಗೆ ತಾಗಿದ ಚೆಂಡಿನ ಸದ್ದು ಕೇಳಿಸ್ಕೊಳ್ಳಿ. ಈ ತಂಡ ತಾನೇ ಬೆಳೆಸಿದ ದೊಡ್ಡ ಹೊಡೆತದ ಬ್ಯಾಟರ್‌ನ ನೋಡಿ ಎಷ್ಟು ಕಾಲ ಆಯ್ತು!

ಸ್ಕೂಬಲ್ ವಿಷಯ. ಸತತ ಎರಡು ವರ್ಷ ಸೈ ಯಂಗ್ (ವರ್ಷದ ಶ್ರೇಷ್ಠ ಪಿಚರ್ ಪ್ರಶಸ್ತಿ) ಗೆದ್ದಿದ್ದಾನೆ, ಇವತ್ತು ಅವನಷ್ಟು ಒಳ್ಳೆ ಎಡಗೈ ಪಿಚರ್ ಇಲ್ಲ ಅಂತಲೇ ಅನ್ನಬಹುದು. ಆದ್ರೆ 2026 ಮುಗಿದ ತಕ್ಷಣ ಫ್ರೀ ಏಜೆಂಟ್. ಒಂದೇ ವರ್ಷ ಇರೋ ಪಿಚರ್‌ಗೆ ಇನ್ನೂ ಆರು ವರ್ಷ ನಮ್ಮಲ್ಲೇ ಇರೋ ಹುಡುಗನನ್ನ ಕೊಡೋದಾ? ನಂಗೆ ಮನಸ್ಸಿಲ್ಲ.

ಹುಬ್ಬಳ್ಳಿ_ಲೆಫ್ಟಿ

ನನಗ ಮನಸ್ಸೈತಿ. ವೆಬ್ ಮತ್ತ ಸ್ಕೂಬಲ್ ಒಂದ ತಂಡದಾಗ ಅಂದ್ರ ಅಕ್ಟೋಬರ್‌ದಾಗ ಯಾರ ನಿಂದರ್ತಾರ? ನಾಲ್ಕು ವರ್ಷ 81, 79, 80, 81 ನೋಡಿ ಸಾಕಾಗೇತ್ರಿ. ಹುಡುಗರ ಮ್ಯಾಲೆ ಆಸೆ ಇಟ್ಟು ಇಟ್ಟು ನನ್ನ ಕೂದಲಾ ಬೆಳ್ಳಗಾಗ್ಯಾವ. ಮಾರ್ಕೊ ಲುಸಿಯಾನೊ ಬರ್ತಾನ ಬರ್ತಾನ ಅಂತ ಐದ ವರ್ಷ ಕಾದ್ವಿ. ಏನಾತು?

ಕುಡ್ಲ_ಕರ್ವ್‌ಬಾಲ್

ಲುಸಿಯಾನೊ ಮಾತು ಎತ್ತಿದ್ರೆ ನನಗೂ ಬೇಜಾರ್ ಆಗ್ತದೆ. ಆದ್ರೂ ಎಲ್ಡ್ರಿಜ್ ಬೇರೆ ಸಂಗತಿ. ಡೆವರ್ಸ್‌ಗೋಸ್ಕರ ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್, ಬೆಯೊ, ಜಾರ್ಡನ್ ಹಿಕ್ಸ್ ನಾಲ್ಕು ಜನರನ್ನು ಕೊಟ್ಟಾಗಿದೆ. ನಮ್ಮ ತೋಟದಲ್ಲಿ ಉಳಿದ ತೆಂಗಿನ ಸಸಿಯನ್ನೂ ಕಿತ್ತು ಕೊಟ್ರೆ ನಾಳೆ ಕಾಯಿ ಎಲ್ಲಿಂದ?

ಹಳೇ_ಸ್ಕೋರರ್

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 2026ರ ಡಿಸೆಂಬರ್ 1ಕ್ಕೆ ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದ ಮುಗಿಯುತ್ತೆ. ಕಳೆದ ಸಲ ಹಾಗೆ ಮುಗಿದಾಗ 99 ದಿನ ಲಾಕೌಟ್ ಆಗಿತ್ತು. ಮುಂದೇನು ಅಂತ ಗೊತ್ತಿಲ್ಲದೆ ಮಾಲೀಕರು ಈ ಚಳಿಗಾಲ ಉದ್ದದ ಕಾಂಟ್ರ್ಯಾಕ್ಟ್‌ಗೆ ಹೆದರಬಹುದು. ಅದಕ್ಕೇ ನನಗೆ ಎರಡು-ಮೂರು ವರ್ಷಕ್ಕೆ ಸಿಗೋ ಪಿಚರ್‌ಗಳ ಮೇಲೆ ಕಣ್ಣು.

ಸನಿವೇಲ್_ಸರಸು

ಹೊಸ ಮ್ಯಾನೇಜರ್ ಬಗ್ಗೆ ಯಾರೂ ಮಾತಾಡ್ಲೇ ಇಲ್ವಲ್ಲ. ಟೋನಿ ವಿಟೆಲ್ಲೊ! ಟೆನೆಸ್ಸಿ ಕಾಲೇಜ್ ತಂಡದಿಂದ ನೇರವಾಗಿ ಇಲ್ಲಿಗೆ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ದಿನ ಕೋಚ್ ಆಗಿಲ್ಲದವರು, ಹಾಗೆ ಬಂದವರಲ್ಲಿ ಇವರೇ ಮೊದಲಿಗರು. ಬಾಬ್ ಮೆಲ್ವಿನ್‌ನ ಕಳಿಸಿದ್ದು ನಂಗೆ ನೋವಾಯ್ತು, ಆದ್ರೆ ಈ ಧೈರ್ಯ ಇಷ್ಟ ಆಯ್ತು. ಕಾಲೇಜ್‌ನಲ್ಲಿ ಹುಡುಗರನ್ನ ತಿದ್ದಿ ಬೆಳೆಸಿದವರು ಬಂದ ಮೇಲೆ ಹುಡುಗರನ್ನೇ ಕೊಟ್ಟು ಕಳಿಸೋದು ಯಾವ ನ್ಯಾಯ? ಬರ್ಡ್‌ಸಾಂಗ್, ವಿಸೆನ್‌ಹಂಟ್, ಮೆಕ್‌ಡೊನಾಲ್ಡ್, ಎಲ್ಡ್ರಿಜ್, ಎಲ್ಲರನ್ನೂ ಅವರ ಕೈಗೆ ಕೊಡಿ.

ಹುಬ್ಬಳ್ಳಿ_ಲೆಫ್ಟಿ

ಕಾಲೇಜ್‌ದಾಗ ವಾರಕ್ಕ ನಾಲ್ಕೈದು ಪಂದ್ಯ. ಇಲ್ಲಿ 162. ನೋಡೂಣು.

ಎಲ್ಎ_ಲಿ_ಒಬ್ಬ_ಕನ್ನಡಿಗ

ವಿಟೆಲ್ಲೊ ಬಂದಿದ್ದು ನಮಗೆ ಸ್ವಲ್ಪ ಭಯ ಹುಟ್ಟಿಸಿದೆ, ಪ್ರಾಮಾಣಿಕವಾಗಿ ಹೇಳ್ತೀನಿ.

ಬನಶಂಕರಿ_ಬುಲ್‌ಪೆನ್

ಈ ಟ್ರೇಡ್ ಎಲ್ಲ ಯಾವಾಗ ಶುರು ಆಗುತ್ತೆ?

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ಈಗಲೇ ಶುರು ಆಗಿದೆ. ಬಿರುಸು ಬರೋದು ಡಿಸೆಂಬರ್ ಎರಡನೇ ವಾರ, ಒರ್ಲ್ಯಾಂಡೊದಲ್ಲಿ ವಿಂಟರ್ ಮೀಟಿಂಗ್ಸ್ ಇದೆ. ಎಲ್ಲಾ ತಂಡದವರು, ಏಜೆಂಟ್‌ಗಳು ಒಂದೇ ಹೋಟೆಲ್‌ನಲ್ಲಿ ಇರ್ತಾರೆ. ಆ ನಾಲ್ಕು ದಿನ ನಾನು ಮಲಗೋದು ಕಡಿಮೆ.

ಶಿವಮೊಗ್ಗ_ಬೆಳಗಿನ_ಕಾಫಿ

ಮಾರ್ಚ್‌ನಲ್ಲಿ ನಾವು ಮತ್ತೆ ಫ್ರೀಮಾಂಟಿಗೆ ಬರುತ್ತಿದ್ದೇವೆ. 25ನೇ ತಾರೀಖು ಯಾಂಕೀಸ್ ವಿರುದ್ಧ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ಇದೆಯಂತೆ. ಟಿಕೆಟ್ ಸಿಗುವುದು ಕಷ್ಟವೇ?

ಸನಿವೇಲ್_ಸರಸು

ಮೇಷ್ಟ್ರೇ, ನಾನು ನೋಡ್ತೀನಿ. ನೀವು, ಅಮ್ಮ, ಮಗಳು-ಅಳಿಯ, ನಾಲ್ಕು ಅಲ್ವಾ? ಈ ಸಲ ಚಿತ್ರಾನ್ನ ನಾನು ತರ್ತೀನಿ. ಸ್ವೆಟರ್ ಮರೀಬೇಡಿ, ಮಾರ್ಚ್ ರಾತ್ರಿ ಅಲ್ಲಿ ಮೈ ನಡುಗುತ್ತೆ. ಹಸಿರು-ಹಳದಿ ಅವರೇ, ಮಗನನ್ನ ಕರ್ಕೊಂಡು ನೀವೂ ಬನ್ನಿ, ನಮ್ಮ ಟೋಪಿ ಹಾಕಬೇಕಾಗಿಲ್ಲ.

ಹಸಿರು_ಹಳದಿ

ಮಗನ್ನ ಕೇಳಿ ಹೇಳ್ತೀನಿ. ಜಡ್ಜ್ ನೋಡಬೇಕು ಅಂತಾನೆ.

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ನಾನೂ ಬರ್ತೀನಿ. ಮೊದಲ ದಿನ ವೆಬ್ ಹಾಕ್ತಾನೆ. ಈ ವರ್ಷ 207 ಇನಿಂಗ್ಸ್, 224 ಸ್ಟ್ರೈಕೌಟ್, ಎರಡರಲ್ಲೂ ನ್ಯಾಷನಲ್ ಲೀಗ್‌ಗೇ ಮೊದಲು. ಎರಡನೇ ಪಂದ್ಯಕ್ಕೆ ರೇ. ಮೂರನೇ ಪಂದ್ಯಕ್ಕೆ ಯಾರು ಅಂತ ಪೋಸಿ ಈ ಚಳಿಗಾಲದಲ್ಲಿ ಹೇಳಬೇಕು.

ಹುಬ್ಬಳ್ಳಿ_ಲೆಫ್ಟಿ

ರೂಪ್.

ಮಲ್ಲೇಶ್ವರಂ_ಟು_ಮಿಲ್ಪಿಟಾಸ್

ರೂಪ್ ನಂಗೂ ಇಷ್ಟ. ಆದ್ರೆ ಅವನು ನಾಲ್ಕನೆಯವನು ಆಗಿರೋ ತಂಡ ನೋಡಬೇಕು ಅಂತ ಆಸೆ.